ವ್ಯಾಲಿನ್ ಹಾಕಿದರೆ ಇ. ಕೋಲಿ ಏಕೆ ಬೆಳೆಯದು? ಬ್ಯಾಕ್ಟೀರಿಯಾ ಜೀನ್ ಡೇಟಾಬೇಸ್‌ಗಳನ್ನು ಓದುವ ಕ್ರಮ

ಗ್ಲೂಕೋಸ್ ಮತ್ತು ಕೆಲವು ಲವಣಗಳು ಮಾತ್ರ ಇರುವ ಕನಿಷ್ಠ ಮಾಧ್ಯಮದಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆ-12 ತಳಿ ಚೆನ್ನಾಗಿಯೇ ಬೆಳೆಯುತ್ತದೆ. ತನಗೆ ಬೇಕಾದ 20 ಅಮೈನೋ ಆಮ್ಲಗಳನ್ನೂ ಅದು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ಅದೇ ಮಾಧ್ಯಮಕ್ಕೆ ಸ್ವಲ್ಪ ವ್ಯಾಲಿನ್ ಸೇರಿಸಿದರೆ ಬೆಳವಣಿಗೆ ನಿಂತುಹೋಗುತ್ತದೆ. ವ್ಯಾಲಿನ್ ವಿಷವಸ್ತುವಲ್ಲ, ಆ ಜೀವಿಯೇ ದಿನವೂ ತಯಾರಿಸುವ ಅಮೈನೋ ಆಮ್ಲ. ಇನ್ನೂ ಅಚ್ಚರಿಯೆಂದರೆ, ನಿಂತುಹೋದ ಆ ಬೆಳವಣಿಗೆ ಐಸೊಲ್ಯೂಸಿನ್ ಎಂಬ ಬೇರೊಂದು ಅಮೈನೋ ಆಮ್ಲವನ್ನು ಸೇರಿಸಿದಾಗ ಮತ್ತೆ ಆರಂಭವಾಗುತ್ತದೆ.

ಈ ಪ್ರಶ್ನೆಗೆ ಉತ್ತರ ದಶಕಗಳ ಹಿಂದೆಯೇ ಸಿಕ್ಕಿದೆ, ಮತ್ತು ಆ ಉತ್ತರದ ತುಣುಕುಗಳೆಲ್ಲ ಇಂದು ಅಂತರ್ಜಾಲದ ಡೇಟಾಬೇಸ್‌ಗಳಲ್ಲಿ ಎಲ್ಲರಿಗೂ ಎಟುಕುವಂತಿವೆ. ಆದರೂ ಅವುಗಳನ್ನು ತೆರೆದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಜೀನ್‌ನ ಹೆಸರು, ಅದರ ಮುಂದಿರುವ ಒಂದು ಸಾಲಿನ ವಿವರ, ಒಂದು ಬಣ್ಣದ ಚಿತ್ರ ಇಷ್ಟನ್ನು ನಕಲು ಮಾಡಿಕೊಂಡು ಹೊರಬರುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ಲ್ಯೂಸಿನ್ ತಯಾರಿಸಲಾಗದ ಒಂದು ಕೆ-12 ಮ್ಯುಟೆಂಟ್ ತಳಿಗೆ ಲ್ಯೂಸಿನ್ ಕೊಡಬೇಕಿತ್ತು. ಲ್ಯೂಸಿನ್ ಮತ್ತು ವ್ಯಾಲಿನ್ ಒಂದೇ ಪಥದ (ಜೀವಕೋಶದೊಳಗಿನ ಕ್ರಿಯೆಗಳ ಸಾಲಿನ) ಕವಲುಗಳೆಂದು ಕೆಗ್ ಎಂಬ ಡೇಟಾಬೇಸ್‌ನ ಚಿತ್ರದಲ್ಲಿ ನೋಡಿದ್ದೆನಾದ್ದರಿಂದ, ಇರಲಿ ಎಂದು ವ್ಯಾಲಿನ್ ಅನ್ನೂ ಸೇರಿಸಿದೆ. ಹತ್ತು ದಿನ ಪ್ಲೇಟ್‌ಗಳು ಬರಿದಾಗಿಯೇ ಉಳಿದವು. ತಳಿಯಲ್ಲಿ ದೋಷವಿದೆ, ಲ್ಯೂಸಿನ್ ಹಾಳಾಗಿದೆ, ನೀರು ಸರಿಯಿಲ್ಲ ಎಂದು ಒಂದೊಂದನ್ನೇ ಬದಲಾಯಿಸುತ್ತ ಹೋದೆ. ಕಾರಣ ಮಾತ್ರ ನಾನು ತೆರೆದು ಮುಚ್ಚಿದ್ದ ಪುಟದಲ್ಲಿಯೇ, ನಾನು ಓದದೆ ಬಿಟ್ಟ ಪ್ಯಾರಾದಲ್ಲಿ ಇತ್ತು. ಆ ಪ್ಯಾರಾವನ್ನು ತಲುಪುವ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ನಿಮ್ಮ ಕೈಯಲ್ಲಿರುವ ಜೀನ್ ಬೇರೆಯದಾದರೂ ಓದುವ ಕ್ರಮ ಇದೇ.

ಮೊದಲು ತಳಿ, ಆಮೇಲೆ ಜೀನ್

ಇ. ಕೋಲಿಗೆ ಸಂಬಂಧಿಸಿದಂತೆ ತಜ್ಞರು ಪ್ರಬಂಧಗಳನ್ನು ಓದಿ ಕೈಯಾರೆ ಬರೆದಿಟ್ಟ ಡೇಟಾಬೇಸ್‌ಗಳಲ್ಲಿ ಇಕೋಸೈಕ್ ಮುಖ್ಯವಾದದ್ದು. ಪೀಟರ್ ಕಾರ್ಪ್ ಮತ್ತು ಮೋನಿಕಾ ರೈಲಿ 1990ರ ದಶಕದ ಆರಂಭದಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡರು. ಇಂದು ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಇಂಟರ್‌ನ್ಯಾಷನಲ್ ಸಂಸ್ಥೆ ಅದನ್ನು ನಡೆಸುತ್ತದೆ. ಇಕೋಸೈಕ್ ವಿವರಿಸುವುದು ಸಾಮಾನ್ಯ ಅರ್ಥದ ಇ. ಕೋಲಿಯನ್ನಲ್ಲ, ಕೆ-12ರ ಎಂಜಿ1655 ಎಂಬ ಉಪತಳಿಯನ್ನು. ಇದನ್ನು ಮರೆತರೆ ಮುಂದಿನ ಎಲ್ಲ ಓದೂ ಅಡ್ಡದಾರಿ ಹಿಡಿಯುತ್ತದೆ. ಕೆ-12 ಎಂಬುದು 1922ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಒಬ್ಬ ರೋಗಿಯ ಮಲದಿಂದ ಬೇರ್ಪಡಿಸಿದ ತಳಿ. ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಕೈಬದಲಾಗುತ್ತ ಬಂದಿರುವ ಅದರಲ್ಲಿ ಕಾಡುತಳಿಗಳಲ್ಲಿಲ್ಲದ ಬದಲಾವಣೆಗಳು ಸೇರಿಕೊಂಡಿವೆ. ಎಂಜಿ1655ರ ಪೂರ್ಣ ಜೀನೋಮ್ 1997ರಲ್ಲಿ ಪ್ರಕಟವಾಯಿತು, ಈಗಿನ ತಿದ್ದಿದ ಪಾಠದಲ್ಲಿ ಅದರ ಉದ್ದ 46,41,652 ಬೇಸ್ ಜೋಡಿಗಳು. 1997ರಲ್ಲಿ ಅದರ ಜೀನ್‌ಗಳ ಪೈಕಿ ಶೇ. 38ರಷ್ಟಕ್ಕೆ ಕೆಲಸ ಏನೆಂದೇ ಗೊತ್ತಿರಲಿಲ್ಲ. ಪ್ರಬಂಧಗಳನ್ನು ಓದಿ ಪುಟಗಳನ್ನು ಬರೆಯುವ ಇಕೋಸೈಕ್‌ನ ತಜ್ಞರು, ಅಂದರೆ ಕ್ಯುರೇಟರ್‌ಗಳು, ಇಂಥ ಖಾಲಿ ಜಾಗಗಳನ್ನೂ ತುಂಬುತ್ತಿದ್ದಾರೆ.

ಆದ್ದರಿಂದ ಹುಡುಕಾಟದ ಪೆಟ್ಟಿಗೆಯಲ್ಲಿ ಏನನ್ನಾದರೂ ಬರೆಯುವ ಮೊದಲು ಪುಟದ ಮೇಲ್ಭಾಗದಲ್ಲಿ ಯಾವ ಜೀವಿ, ಯಾವ ತಳಿ ಆಯ್ಕೆಯಾಗಿದೆಯೆಂದು ನೋಡಿರಿ. ಇಕೋಸೈಕ್ ಇರುವುದು ಬಯೋಸೈಕ್ ಎಂಬ ದೊಡ್ಡ ಸಂಗ್ರಹದೊಳಗೆ. ಆ ಸಂಗ್ರಹದಲ್ಲಿ 20,000ಕ್ಕೂ ಹೆಚ್ಚು ಜೀವಿಗಳ ಡೇಟಾಬೇಸ್‌ಗಳಿವೆ, ಅವುಗಳ ಪೈಕಿ ಇ. ಕೋಲಿಯ ತಳಿಗಳೇ ನೂರಾರು. ಬಯೋಸೈಕ್ ಇವುಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿದೆ. ಮೊದಲ ಶ್ರೇಣಿಯವುಗಳಲ್ಲಿ ಕನಿಷ್ಠ ಒಬ್ಬ ತಜ್ಞರ ಒಂದು ವರ್ಷದ ದುಡಿಮೆ ಇದೆ, ಎರಡನೆಯ ಶ್ರೇಣಿಯವುಗಳನ್ನು ತಜ್ಞರು ಅಲ್ಪಸ್ವಲ್ಪ ತಿದ್ದಿದ್ದಾರೆ, ಮೂರನೆಯ ಶ್ರೇಣಿಯವು ಸಂಪೂರ್ಣವಾಗಿ ಕಂಪ್ಯೂಟರ್ ಊಹಿಸಿ ಕಟ್ಟಿದಂಥವು. ಹೊರನೋಟಕ್ಕೆ ಮೂರೂ ಒಂದೇ ತೆರನಾಗಿ ಕಾಣುತ್ತವೆ: ಅದೇ ಬಣ್ಣ, ಅದೇ ಬಾಣಗಳು, ಅದೇ ಅಚ್ಚುಕಟ್ಟು. ಈ ಹೋಲಿಕೆಯೇ ಅಪಾಯಕಾರಿ. ಊಹೆಯ ಪುಟವನ್ನು ಓದಬಾರದೆಂದಲ್ಲ, ಅದನ್ನು ಊಹೆಯೆಂದೇ ತಿಳಿದು ಓದಬೇಕು.

ಚಂದಾದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬಯೋಸೈಕ್‌ನ ಬಹುಪಾಲು ಡೇಟಾಬೇಸ್‌ಗಳಿಗೆ 2017ರಿಂದ ಚಂದಾ ಪದ್ಧತಿ ಬಂದಿದೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ಚಂದಾ ಇದೆಯೇ ಎಂದು ಗ್ರಂಥಾಲಯದಲ್ಲಿ ವಿಚಾರಿಸಿ. ಕೆಗ್‌ನ ಪುಟಗಳನ್ನು ಅಧ್ಯಯನಕ್ಕಾಗಿ ಉಚಿತವಾಗಿ ನೋಡಬಹುದು, ಆದರೆ ಇಡೀ ಸಂಗ್ರಹವನ್ನು ಒಟ್ಟಾಗಿ ಇಳಿಸಿಕೊಳ್ಳಲು 2011ರಿಂದ ಶುಲ್ಕವಿದೆ. ಪ್ರೋಟೀನ್‌ಗಳ ಡೇಟಾಬೇಸ್ ಆದ ಯುನಿಪ್ರಾಟ್ ಪೂರ್ತಿ ಮುಕ್ತ.

ಪಥದಿಂದ ಆರಂಭಿಸಿ

ಪ್ರಶ್ನೆ ಒಂದು ಜೀನ್‌ನ ಬಗ್ಗೆಯೇ ಇದ್ದರೂ ಮೊದಲು ಅದು ಕೆಲಸ ಮಾಡುವ ಪಥವನ್ನು ತೆರೆಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಇಕೋಸೈಕ್‌ನ ಹುಡುಕಾಟದ ಪೆಟ್ಟಿಗೆಯಲ್ಲಿ ವ್ಯಾಲಿನ್ ಎಂದು ಕೊಟ್ಟರೆ ಸಂಯುಕ್ತಗಳು, ಕ್ರಿಯೆಗಳು, ಜೀನ್‌ಗಳು, ಪಥಗಳು ಎಂದು ಫಲಿತಾಂಶಗಳು ಬೇರೆ ಬೇರೆ ಗುಂಪುಗಳಾಗಿ ಬರುತ್ತವೆ. ಪಥಗಳ ಗುಂಪಿನಿಂದ ವ್ಯಾಲಿನ್ ಜೈವಿಕ ಸಂಶ್ಲೇಷಣೆಯ ಪಥವನ್ನು ಒಂದು ಟ್ಯಾಬ್‌ನಲ್ಲಿಯೂ ಐಸೊಲ್ಯೂಸಿನ್‌ನ ಪಥವನ್ನು ಇನ್ನೊಂದರಲ್ಲಿಯೂ ತೆರೆದುಕೊಳ್ಳಿ. ಆರಂಭದಲ್ಲಿ ಬಾಣಗಳು ಮತ್ತು ಹೆಸರುಗಳಷ್ಟೇ ಕಾಣುತ್ತವೆ. ಹೆಚ್ಚಿನ ವಿವರ ತೋರಿಸುವ ಗುಂಡಿಯನ್ನು ಎರಡು ಮೂರು ಬಾರಿ ಒತ್ತಿದಾಗ ಪ್ರತಿ ಹೆಜ್ಜೆಯ ಪಕ್ಕದಲ್ಲಿ ಕಿಣ್ವದ ಹೆಸರು, ಜೀನ್‌ನ ಹೆಸರು, ಇಸಿ ಸಂಖ್ಯೆ (ಕಿಣ್ವ ನಡೆಸುವ ಕ್ರಿಯೆಯ ಗುರುತು), ಅಣುಗಳ ರಚನೆ ಒಂದೊಂದಾಗಿ ಮೂಡುತ್ತವೆ.

ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದುಕಾಣುತ್ತದೆ. ವ್ಯಾಲಿನ್‌ನ ಪಥದಲ್ಲಿ ಎರಡು ಪೈರುವೇಟ್ ಅಣುಗಳು ಕೂಡಿ ಅಸಿಟೊಲ್ಯಾಕ್ಟೇಟ್ ಆಗುತ್ತದೆ. ಐಸೊಲ್ಯೂಸಿನ್‌ನ ಪಥದಲ್ಲಿ ಥ್ರಿಯೊನಿನ್‌ನಿಂದ ಮೊದಲು 2-ಆಕ್ಸೊಬ್ಯುಟನೋಯೇಟ್ ಉಂಟಾಗಿ, ಅದು ಒಂದು ಪೈರುವೇಟ್‌ನೊಂದಿಗೆ ಕೂಡುತ್ತದೆ. ಎರಡೂ ಕೂಡಿಕೆಗಳನ್ನು ಮಾಡುವುದು ಒಂದೇ ಕಿಣ್ವ: ಅಸಿಟೊಲ್ಯಾಕ್ಟೇಟ್ ಸಿಂಥೇಸ್, ಇಸಿ 2.2.1.6. ಅಲ್ಲಿಂದ ಮುಂದಿನ ಮೂರು ಹೆಜ್ಜೆಗಳಲ್ಲಿಯೂ ಎರಡೂ ಪಥಗಳಿಗೆ ಐಎಲ್‌ವಿ-ಸಿ, ಐಎಲ್‌ವಿ-ಡಿ, ಐಎಲ್‌ವಿ-ಇ ಜೀನ್‌ಗಳ ಕಿಣ್ವಗಳೇ ದುಡಿಯುತ್ತವೆ. ಕೊನೆಯ ಹೆಜ್ಜೆಯಲ್ಲಿ ಮಾತ್ರ ವ್ಯಾಲಿನ್‌ಗೆ ಇನ್ನೊಂದು ಕಿಣ್ವದ ನೆರವೂ ಇದೆ. ಅಂದರೆ ಒಂದೇ ಕಾರ್ಖಾನೆಯ ಒಂದೇ ಯಂತ್ರಗಳ ಸಾಲು ಎರಡು ಬಗೆಯ ಸರಕುಗಳನ್ನು ತಯಾರಿಸುತ್ತಿದೆ. ಒಂದು ಸರಕು ಸಾಕೆಂದು ಮೊದಲ ಯಂತ್ರವನ್ನು ನಿಲ್ಲಿಸಿದರೆ ಇನ್ನೊಂದು ಸರಕೂ ನಿಲ್ಲುತ್ತದೆ. ಹೊರಗಿನಿಂದ ಬಂದ ವ್ಯಾಲಿನ್ ಈ ಯಂತ್ರವನ್ನು ನಿಲ್ಲಿಸುತ್ತದೆಯಾದರೆ ಜೀವಕೋಶ ಐಸೊಲ್ಯೂಸಿನ್ ಇಲ್ಲದೆ ಸೊರಗಬೇಕು. ಐಸೊಲ್ಯೂಸಿನ್ ಕೊಟ್ಟಾಗ ಚೇತರಿಸಿಕೊಳ್ಳುವುದಕ್ಕೂ ಇದು ಹೊಂದುತ್ತದೆ.

ಇದು ಇನ್ನೂ ನಮ್ಮ ಊಹೆಯಷ್ಟೇ. ಚಿತ್ರದಿಂದ ಊಹೆ ಹುಟ್ಟಬಹುದು, ಅದನ್ನು ಒಪ್ಪುವುದೋ ಬಿಡುವುದೋ ಎಂಬುದನ್ನು ಕಿಣ್ವದ ಪುಟದಲ್ಲಿ ತೀರ್ಮಾನಿಸಬೇಕು. (ಸಂಶ್ಲೇಷಣೆಯ ಈ ಹಾದಿ ಪ್ರಾಣಿಗಳಲ್ಲಿ ಇಲ್ಲ, ಸಸ್ಯಗಳಲ್ಲಿ ಇದೆ. ನಮ್ಮ ಭತ್ತದ ಗದ್ದೆಗಳಲ್ಲಿ ಬಳಸುವ ಪೈರಾಜೋಸಲ್ಫ್ಯೂರಾನ್‌ನಂಥ ಸಲ್ಫೋನಿಲ್ ಯೂರಿಯಾ ಕಳೆನಾಶಕಗಳು ಕಳೆಗಿಡದೊಳಗೆ ತಡೆಯುವುದೂ ಇದೇ ಅಸಿಟೊಲ್ಯಾಕ್ಟೇಟ್ ಸಿಂಥೇಸನ್ನು.)

ಕಿಣ್ವದ ಪುಟ: ಒಂದು ಸಂಖ್ಯೆಯ ಹಿಂದೆ ಮೂರು ಕಿಣ್ವಗಳು

ಇಸಿ ಸಂಖ್ಯೆ ಒಂದು ಕ್ರಿಯೆಯ ಗುರುತೇ ಹೊರತು ಒಂದು ಪ್ರೋಟೀನ್‌ನ ಗುರುತಲ್ಲ. 2.2.1.6 ಎಂಬ ಹೆಜ್ಜೆಯ ಮೇಲೆ ಕ್ಲಿಕ್ ಮಾಡಿದಾಗ ಇ. ಕೋಲಿಯಲ್ಲಿ ಈ ಕೆಲಸಕ್ಕೆ ಮೂರು ಐಸೊಜೈಮ್‌ಗಳ (ಒಂದೇ ಕ್ರಿಯೆ ನಡೆಸುವ ಬೇರೆ ಬೇರೆ ಕಿಣ್ವಗಳ) ಜೀನ್‌ಗಳಿವೆ ಎಂಬುದು ತಿಳಿಯುತ್ತದೆ. ಪ್ರತಿಯೊಂದರಲ್ಲಿಯೂ ಕ್ರಿಯೆ ನಡೆಸುವ ಒಂದು ದೊಡ್ಡ ಉಪಘಟಕ, ಅದನ್ನು ನಿಯಂತ್ರಿಸುವ ಒಂದು ಚಿಕ್ಕ ಉಪಘಟಕ ಇರುತ್ತವೆ. ಒಂದನೆಯದಕ್ಕೆ ಐಎಲ್‌ವಿ-ಬಿ ಮತ್ತು ಐಎಲ್‌ವಿ-ಎನ್, ಎರಡನೆಯದಕ್ಕೆ ಐಎಲ್‌ವಿ-ಜಿ ಮತ್ತು ಐಎಲ್‌ವಿ-ಎಂ, ಮೂರನೆಯದಕ್ಕೆ ಐಎಲ್‌ವಿ-ಐ ಮತ್ತು ಐಎಲ್‌ವಿ-ಎಚ್. ಒಂದನೆಯ ಮತ್ತು ಮೂರನೆಯ ಐಸೊಜೈಮ್‌ಗಳನ್ನು ವ್ಯಾಲಿನ್ ತಡೆಯುತ್ತದೆ, ಎರಡನೆಯದನ್ನು ತಡೆಯುವುದಿಲ್ಲ.

ಹಾಗಿದ್ದರೆ ವ್ಯಾಲಿನ್ ಹಾಕಿದಾಗಲೂ ಎರಡನೆಯ ಐಸೊಜೈಮ್ ಕೆಲಸ ಮುಂದುವರಿಸಬೇಕಿತ್ತಲ್ಲವೇ? ಇಲ್ಲಿಯವರೆಗೆ ಬಂದವರು ಐಎಲ್‌ವಿ-ಜಿ ಪುಟವನ್ನು ತೆರೆಯಲೇಬೇಕು, ಮತ್ತು ಅದನ್ನು ನಿಧಾನವಾಗಿ ಓದಬೇಕು.

ಪುಟದ ತಲೆಯಲ್ಲಿರುವ ಗುರುತಿನ ಸಂಖ್ಯೆಯೇ ಒಂದು ಸುಳಿವು. ಎಂಜಿ1655ರ ಜೀನ್‌ಗಳಿಗೆ 1997ರಲ್ಲಿ ವರ್ಣತಂತುವಿನ ಮೇಲೆ ಅವು ಇರುವ ಕ್ರಮದಲ್ಲಿಯೇ ಬಿ0001ರಿಂದ ಬಿ4403ರವರೆಗೆ ಸಂಖ್ಯೆ ಕೊಟ್ಟಿದ್ದರು. ಬಿ0077 ಎಂದು ನೋಡಿದ ಕೂಡಲೇ ಐಎಲ್‌ವಿ-ಐ ಆರಂಭದ ಹತ್ತಿರವಿದೆ ಎನ್ನಬಹುದು. ಐಎಲ್‌ವಿ-ಬಿ ಬಿ3671, ಬಹು ದೂರದಲ್ಲಿದೆ. ಐಎಲ್‌ವಿ-ಜಿಯ ನೆರೆಯಲ್ಲಿ ಐಎಲ್‌ವಿ-ಎಂ ಬಿ3769, ಐಎಲ್‌ವಿ-ಇ ಬಿ3770, ಐಎಲ್‌ವಿ-ಡಿ ಬಿ3771, ಐಎಲ್‌ವಿ-ಎ ಬಿ3772 ಎಂದು ಸಾಲಾಗಿ ಕುಳಿತಿವೆ. ಆದರೆ ಐಎಲ್‌ವಿ-ಜಿಯ ಸಂಖ್ಯೆ ಮಾತ್ರ ಬಿ4488, ಸಾಲಿನಿಂದ ಹೊರಗೆ. ಮೊದಲ ಪಟ್ಟಿಯಲ್ಲಿ ಈ ಜಾಗದಲ್ಲಿ ಬಿ3767, ಬಿ3768 ಎಂದು ಎರಡು ತುಂಡು ಜೀನ್‌ಗಳಿದ್ದವು. ಅವು ಬೇರೆ ಬೇರೆ ಜೀನ್‌ಗಳಲ್ಲ, ಮುರಿದ ಒಂದೇ ಜೀನ್‌ನ ಎರಡು ಭಾಗಗಳೆಂದು ಒಪ್ಪಿ ಆಮೇಲೆ ಒಂದೇ ಸಂಖ್ಯೆಯ ಕೆಳಗೆ ತಂದರು. ಸಾಲು ತಪ್ಪಿದ ಸಂಖ್ಯೆ ಕಂಡಾಗ ಹೀಗೆ ಅದರ ಹಿಂದೆ ಒಂದು ತಿದ್ದುಪಡಿಯ ಕಥೆ ಇರುವ ಸಾಧ್ಯತೆ ಹೆಚ್ಚು.

ಮುಂದಿನದು ಸೂಡೋಜೀನ್, ಅಂದರೆ ಕೆಟ್ಟು ಕೆಲಸ ಮಾಡದ ಜೀನ್, ಎಂಬ ಗುರುತು. ಕೆ-12ರ ಐಎಲ್‌ವಿ-ಜಿಯಲ್ಲಿ ಓದುವ ಚೌಕಟ್ಟು ಪಲ್ಲಟಗೊಂಡು, ಪ್ರೋಟೀನ್ ಪೂರ್ತಿಯಾಗುವ ಮೊದಲೇ ನಿಲುಗಡೆಯ ಸಂಕೇತ ಬಂದುಬಿಡುತ್ತದೆ. ಹೀಗಾಗಿ ವ್ಯಾಲಿನ್‌ಗೆ ಬಗ್ಗದ ಏಕೈಕ ಐಸೊಜೈಮ್ ಈ ತಳಿಯಲ್ಲಿ ಇಲ್ಲವೇ ಇಲ್ಲ. ಉಳಿದೆರಡನ್ನೂ ವ್ಯಾಲಿನ್ ತಡೆಯುತ್ತದೆ, ಐಸೊಲ್ಯೂಸಿನ್ ತಯಾರಾಗುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ. ನನ್ನ ಹತ್ತು ದಿನಗಳ ಬರಿದಾದ ಪ್ಲೇಟ್‌ಗಳ ಕಾರಣ ಇಷ್ಟೇ.

ಇದನ್ನು ಡೇಟಾಬೇಸ್ ಹೇಳುತ್ತದೆಂದು ನಂಬಿ ನಿಲ್ಲಬೇಡಿ. ಪ್ಯಾರಾದ ಕೊನೆಯಲ್ಲಿ ಪ್ರಬಂಧಗಳ ಕೊಂಡಿಗಳಿರುತ್ತವೆ. ಅವುಗಳನ್ನು ಹಿಂಬಾಲಿಸಿದರೆ 1981ರಲ್ಲಿ ಲಾಥರ್ ಮತ್ತು ಸಂಗಡಿಗರು ಅಮೆರಿಕದ ನ್ಯಾಷನಲ್ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಸಿಗುತ್ತದೆ. ಅವರು ಮಾಡಿದ್ದು ಬಹಳ ನೇರವಾದ ಕೆಲಸ. ವ್ಯಾಲಿನ್ ಇದ್ದರೂ ಬೆಳೆಯುವ ಮ್ಯುಟೆಂಟ್‌ಗಳಲ್ಲಿ ಮತ್ತು ಮೂಲ ತಳಿಯಲ್ಲಿ ಐಎಲ್‌ವಿ-ಜಿಯ ಡಿಎನ್‌ಎ ಅನುಕ್ರಮವನ್ನು ಹೋಲಿಸಿದರು, ಮತ್ತು ಮ್ಯುಟೆಂಟ್‌ಗಳಲ್ಲಿ ಪಲ್ಲಟವಾಗಿದ್ದ ಚೌಕಟ್ಟು ಮತ್ತೆ ಸರಿಹೊಂದಿರುವುದನ್ನು ಕಂಡರು. ಈ ಪ್ರಯೋಗವನ್ನು ಓದಿದ ಮೇಲೆ ಸೂಡೋಜೀನ್ ಎಂಬ ಒಂದು ಪದದ ಹಿಂದೆ ಎಷ್ಟು ಗಟ್ಟಿಯಾದ ಆಧಾರವಿದೆ ಎಂಬುದು ಮನವರಿಕೆಯಾಗುತ್ತದೆ.

ಪುರಾವೆಯ ಗುರುತುಗಳು

ಇಕೋಸೈಕ್‌ನಲ್ಲಿ ಪ್ರತಿಯೊಂದು ಹೇಳಿಕೆಯ ಪಕ್ಕದಲ್ಲಿಯೂ ಒಂದು ಚಿಕ್ಕ ಚಿತ್ರವನ್ನು ಹುಡುಕಿ. ಪ್ರಯೋಗಾಲಯದ ಫ್ಲಾಸ್ಕ್‌ನ ಚಿತ್ರವಿದ್ದರೆ ಆ ಮಾತಿಗೆ ಪ್ರಯೋಗದ ಆಧಾರವಿದೆ, ಕಂಪ್ಯೂಟರ್‌ನ ಚಿತ್ರವಿದ್ದರೆ ಅದು ಗಣಕದ ಅನುಮಾನ. ಅದರ ಮೇಲೆ ಕ್ಲಿಕ್ ಮಾಡಿದರೆ ಯಾವ ಬಗೆಯ ಪ್ರಯೋಗ, ಯಾವ ಪ್ರಬಂಧ ಎಂಬ ವಿವರ ತೆರೆದುಕೊಳ್ಳುತ್ತದೆ. ಒಂದೇ ಪುಟದಲ್ಲಿ ಕಿಣ್ವದ ಕೆಲಸಕ್ಕೆ ಫ್ಲಾಸ್ಕ್ ಇದ್ದು, ಅದರ ಪ್ರಮೋಟರ್‌ಗೆ (ಜೀನ್‌ನ ಓದು ಆರಂಭವಾಗುವ ಡಿಎನ್‌ಎ ಭಾಗಕ್ಕೆ) ಕಂಪ್ಯೂಟರ್ ಇರಬಹುದು. ಆದ್ದರಿಂದ ಪುಟವನ್ನು ಇಡಿಯಾಗಿ ನಂಬುವುದು ಅಥವಾ ಇಡಿಯಾಗಿ ತಳ್ಳಿಹಾಕುವುದು ಎರಡೂ ಸರಿಯಲ್ಲ. ವಾಕ್ಯ ವಾಕ್ಯವನ್ನೂ ಅದರದರ ಆಧಾರದಿಂದ ತೂಗಬೇಕು.

ಜೀನ್‌ಗಳ ಕೆಲಸವನ್ನು ಏಕರೂಪದ ಪದಗಳಲ್ಲಿ ಹೇಳುವ ಜೀನ್ ಆಂಟಾಲಜಿ ಎಂಬ ವ್ಯವಸ್ಥೆಯ ಮೂರಕ್ಷರದ ಸಂಕೇತಗಳೂ ಇದೇ ಕೆಲಸಕ್ಕಾಗಿ ಇವೆ. ಐಡಿಎ ಎಂದರೆ ನೇರ ಪರೀಕ್ಷೆ. ಶುದ್ಧೀಕರಿಸಿದ ಕಿಣ್ವವನ್ನು ಕ್ರಿಯೆಗೆ ಒಡ್ಡಿ ಅಳೆದಿರುವುದು ಈ ಗುಂಪಿಗೆ ಸೇರುತ್ತದೆ. ಐಎಂಪಿ ಎಂದರೆ ಮ್ಯುಟೆಂಟ್‌ನ ಲಕ್ಷಣದಿಂದ ತಿಳಿದದ್ದು. ಐಎಸ್‌ಎಸ್ ಎಂದರೆ ಅನುಕ್ರಮದ ಹೋಲಿಕೆಯನ್ನು ಒಬ್ಬ ತಜ್ಞರು ನೋಡಿ ಒಪ್ಪಿದ್ದು. ಐಇಎ ಎಂದರೆ ಯಾರೂ ಕಣ್ಣಾಡಿಸದೆ ಯಂತ್ರವೇ ಅಂಟಿಸಿದ್ದು. ಈ ನಾಲ್ಕನ್ನು ನೆನಪಿಟ್ಟುಕೊಂಡರೆ ನಿತ್ಯದ ಕೆಲಸಕ್ಕೆ ಸಾಕು. ಜೀನ್‌ನ ಹೆಸರು ಇಂಗ್ಲಿಷಿನ ವೈ ಅಕ್ಷರದಿಂದ ಆರಂಭವಾಗಿದ್ದರೆ, ಆ ಹೆಸರು ಕೊಟ್ಟ ಕಾಲಕ್ಕೆ ಅದರ ಕೆಲಸ ತಿಳಿದಿರಲಿಲ್ಲ ಎಂಬುದೂ ಇ. ಕೋಲಿಯ ಮಟ್ಟಿಗೆ ಉಪಯುಕ್ತ ಸೂಚನೆ.

ಪುಟದ ನಿಯಂತ್ರಣ ವಿಭಾಗವನ್ನು ಬಿಡಬೇಡಿ. ಐಎಲ್‌ವಿ-ಜಿ, ಎಂ, ಇ, ಡಿ, ಎ ಐದೂ ಒಂದೇ ಒಪೆರಾನ್‌ನಲ್ಲಿವೆ (ಒಟ್ಟಿಗೆ ಓದಲ್ಪಡುವ ಜೀನ್‌ಗಳ ಸಾಲು), ಮತ್ತು ಅದರ ಮುಂದಿರುವ ಐಎಲ್‌ವಿ-ಎಲ್ ಎಂಬ ಪುಟ್ಟ ಲೀಡರ್ ಪೆಪ್ಟೈಡ್‌ನ ಮೂಲಕ ಅಟೆನ್ಯುಯೇಷನ್ (ಜೀನ್‌ಗಳ ಓದನ್ನು ಆರಂಭದಲ್ಲಿಯೇ ನಿಲ್ಲಿಸುವ ನಿಯಂತ್ರಣ) ನಡೆಯುತ್ತದೆ. ಐಎಲ್‌ವಿ-ಐ ಮತ್ತು ಎಚ್‌ಗಳನ್ನು ನಿಯಂತ್ರಿಸುವುದು ಎಲ್‌ಆರ್‌ಪಿ ಎಂಬ ಬೇರೊಂದು ಪ್ರೋಟೀನ್. ಒಂದೇ ಕ್ರಿಯೆಯ ಮೂರು ಐಸೊಜೈಮ್‌ಗಳು ಮೂರು ಬೇರೆ ಬೇರೆ ಕೈಗಳ ಹಿಡಿತದಲ್ಲಿವೆ ಎಂಬುದು ಪಥದ ಚಿತ್ರದಲ್ಲಿ ಎಂದಿಗೂ ಕಾಣದು. ಇ. ಕೋಲಿಯ ನಿಯಂತ್ರಣ ಜಾಲವನ್ನೇ ಮುಖ್ಯ ವಿಷಯವಾಗಿಟ್ಟುಕೊಂಡಿರುವ ರೆಗ್ಯುಲಾನ್‌ಡಿಬಿ ಎಂಬ ಮೆಕ್ಸಿಕೊದ ಡೇಟಾಬೇಸ್ ಇನ್ನೂ ವಿವರವಾಗಿ ನೋಡಬೇಕೆನ್ನುವವರಿಗೆ ತಕ್ಕದ್ದು. ಹಾಗೆಯೇ ಥ್ರಿಯೊನಿನ್‌ನಿಂದ ಆರಂಭವಾಗುವ ಹೆಜ್ಜೆಯ ಐಎಲ್‌ವಿ-ಎ ಪುಟದಲ್ಲಿ ತಡೆಯುವ ವಸ್ತುಗಳ ಸಾಲಿನಲ್ಲಿ ಐಸೊಲ್ಯೂಸಿನ್ ಇದೆ. 1956ರಲ್ಲಿ ಎಡ್ವಿನ್ ಅಂಬಾರ್ಗರ್ ಇದನ್ನು ತೋರಿಸಿದಾಗ, ಪಥದ ಕೊನೆಯ ವಸ್ತು ಮೊದಲ ಕಿಣ್ವವನ್ನು ತಡೆಯುತ್ತದೆ ಎಂಬ ವಿಚಾರವೇ ಹೊಸದಾಗಿತ್ತು. ಇಂದು ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಆ ವಿಚಾರದ ಮೂಲ ಪ್ರಯೋಗವನ್ನು ಓದುವ ಅವಕಾಶ ಕಳೆದುಕೊಳ್ಳಬೇಡಿ.

ಕೆಗ್‌ನಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಮಿನೋರು ಕನೆಹಿಸಾ 1995ರಲ್ಲಿ ಆರಂಭಿಸಿದ ಕೆಗ್ ನಮ್ಮ ಕಾಲೇಜುಗಳಲ್ಲಿ ಹೆಚ್ಚು ಪರಿಚಿತವಾದದ್ದು. ಅದರ 00290ನೆಯ ನಕ್ಷೆ ವ್ಯಾಲಿನ್, ಲ್ಯೂಸಿನ್, ಐಸೊಲ್ಯೂಸಿನ್ ಮೂರರ ಸಂಶ್ಲೇಷಣೆಯನ್ನೂ ಒಟ್ಟಿಗೆ ತೋರಿಸುತ್ತದೆ. ಮೂರರ ನಡುವಿನ ನಂಟು ಇಕೋಸೈಕ್‌ನ ಬಿಡಿ ಚಿತ್ರಗಳಿಗಿಂತ ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ ಎಂಬುದನ್ನು ಒಪ್ಪಲೇಬೇಕು. ಈ ನಕ್ಷೆ ಯಾವುದೇ ಒಂದು ಜೀವಿಯದಲ್ಲ, ತಿಳಿದಿರುವ ಎಲ್ಲ ಜೀವಿಗಳ ಹಾದಿಗಳನ್ನೂ ಒಂದರ ಮೇಲೊಂದು ಬರೆದ ಚಿತ್ರ. ಪಟ್ಟಿಯಿಂದ ಎಂಜಿ1655 ಆರಿಸಿಕೊಂಡಾಗ ಆ ಜೀವಿಯಲ್ಲಿ ಜೀನ್ ಇರುವ ಪೆಟ್ಟಿಗೆಗಳು ಹಸಿರಾಗುತ್ತವೆ.

ಈಗ 2.2.1.6ರ ಪೆಟ್ಟಿಗೆಯನ್ನು ನೋಡಿ. ಅದು ಹಸಿರಾಗಿದೆ, ಯಾಕೆಂದರೆ ಐಎಲ್‌ವಿ-ಬಿ ಮತ್ತು ಐಎಲ್‌ವಿ-ಐ ಇವೆ. ಐಎಲ್‌ವಿ-ಜಿ ಸರಿಯಾಗಿರುವ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಎಲ್‌ಟಿ2 ತಳಿಯನ್ನು ಆರಿಸಿದರೂ ಆ ಪೆಟ್ಟಿಗೆ ಅಷ್ಟೇ ಹಸಿರು. ವ್ಯಾಲಿನ್ ಇದ್ದಾಗ ಒಂದು ಬೆಳೆಯದು, ಇನ್ನೊಂದು ಬೆಳೆಯುವುದು ಎಂಬ ದೊಡ್ಡ ವ್ಯತ್ಯಾಸ ಒಂದೇ ಹಸಿರಿನೊಳಗೆ ಅಡಗಿಹೋಯಿತು. ಹಸಿರು ಪೆಟ್ಟಿಗೆಯ ಅರ್ಥ ಈ ಕ್ರಿಯೆಗೆ ಹೊಂದುವ ಒಂದಾದರೂ ಜೀನ್ ಇಲ್ಲಿದೆ ಎಂಬುದಷ್ಟೇ. ಆ ಜೀನ್ ಯಾವಾಗ ಕೆಲಸ ಮಾಡುತ್ತದೆ, ಅದನ್ನು ಯಾವುದು ತಡೆಯುತ್ತದೆ, ಯಾವ ವಸ್ತುವಿನತ್ತ ಅದರ ಒಲವು ಹೆಚ್ಚು ಎಂಬುದೆಲ್ಲ ಆ ಬಣ್ಣದಲ್ಲಿಲ್ಲ. ಒಲವು ಎಂಬುದು ಸಣ್ಣ ಸಂಗತಿಯಲ್ಲ. ಎರಡನೆಯ ಮತ್ತು ಮೂರನೆಯ ಐಸೊಜೈಮ್‌ಗಳು ಪೈರುವೇಟ್‌ಗಿಂತ 2-ಆಕ್ಸೊಬ್ಯುಟನೋಯೇಟ್ ಕಡೆಗೆ ಬಹಳವಾಗಿ ವಾಲುತ್ತವೆ, ಒಂದನೆಯದಕ್ಕೆ ಆ ಒಲವಿಲ್ಲ. ಹಾಗಾಗಿ ಐಸೊಲ್ಯೂಸಿನ್ ತಯಾರಿಸುವುದರಲ್ಲಿ ಮೂರೂ ಸಮನಲ್ಲ.

ಕೆಗ್ ಜೀನ್‌ಗಳನ್ನು ಪಥಕ್ಕೆ ಜೋಡಿಸುವುದು ಕೆಓ ಎಂಬ ಸಂಖ್ಯೆಗಳ ಮೂಲಕ, ಬೇರೆ ಬೇರೆ ಜೀವಿಗಳಲ್ಲಿ ಒಂದೇ ಕೆಲಸ ಮಾಡುವ ಜೀನ್‌ಗಳಿಗೆ ಒಂದೇ ಸಂಖ್ಯೆ. ಅಸಿಟೊಲ್ಯಾಕ್ಟೇಟ್ ಸಿಂಥೇಸ್‌ನ ದೊಡ್ಡ ಉಪಘಟಕಗಳೆಲ್ಲವೂ ಕೆ01652 ಎಂಬ ಒಂದೇ ಸಂಖ್ಯೆಯ ಕೆಳಗೆ ಬರುತ್ತವೆ. ನಿಮ್ಮದೇ ಹೊಸ ತಳಿಯ ಜೀನೋಮ್ ಇದ್ದರೆ ಕೆಗ್‌ನ ಬ್ಲಾಸ್ಟ್‌ಕೋಆಲಾ ಸಾಧನಕ್ಕೆ ಪ್ರೋಟೀನ್ ಅನುಕ್ರಮಗಳನ್ನು ಕೊಟ್ಟು ಈ ಸಂಖ್ಯೆಗಳನ್ನು ಪಡೆಯಬಹುದು, ಆಮೇಲೆ ಕೆಗ್ ಮ್ಯಾಪರ್‌ನಿಂದ ನಕ್ಷೆಗಳಿಗೆ ಬಣ್ಣ ತುಂಬಬಹುದು. ಹತ್ತಾರು ತಳಿಗಳನ್ನು ಬೇಗ ಹೋಲಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ನಡುವೆ ಒಂದು ಪೆಟ್ಟಿಗೆ ಬಿಳಿಯಾಗಿ ಉಳಿದರೆ ಜೀನ್ ಇಲ್ಲವೆಂದು ಕೂಡಲೇ ಬರೆಯಬೇಡಿ. ಅನುಕ್ರಮದ ಜೋಡಣೆಯಲ್ಲಿ ಅದು ತುಂಡಾಗಿರಬಹುದು, ಹೋಲಿಕೆ ಕಡಿಮೆಯಾದ್ದರಿಂದ ತಪ್ಪಿಸಿಕೊಂಡಿರಬಹುದು, ಅಥವಾ ಬೇರೆ ಕುಟುಂಬದ ಕಿಣ್ವವೊಂದು ಆ ಕೆಲಸ ಮಾಡುತ್ತಿರಬಹುದು.

ಯುನಿಪ್ರಾಟ್

ಪ್ರೋಟೀನ್‌ನ ವಿವರಕ್ಕೆ ಯುನಿಪ್ರಾಟ್‌ಗೆ ಹೋಗಿ. ಐಎಲ್‌ವಿ-ಬಿಯ ಗುರುತು ಇಲ್ಲಿ ಪಿ08142, ಐಎಲ್‌ವಿ-ಐಯದು ಪಿ00893. ಬರಿಯ ಜೀನ್ ಹೆಸರಿನಿಂದ ಹುಡುಕಿದರೆ ಸಾವಿರಾರು ತಳಿಗಳ ಫಲಿತಾಂಶಗಳು ಸುರಿಯುತ್ತವೆ. ಎಡಗಡೆಯಲ್ಲಿ ಪರಿಶೀಲಿತ ಎಂಬ ಸೋಸುವಿಕೆಯನ್ನು ಆರಿಸಿಕೊಂಡರೆ ಸ್ವಿಸ್-ಪ್ರಾಟ್ ಭಾಗದವು ಮಾತ್ರ ಉಳಿಯುತ್ತವೆ. 1986ರಲ್ಲಿ ಅಮೋಸ್ ಬೈರೋಕ್ ಆರಂಭಿಸಿದ ಸ್ವಿಸ್-ಪ್ರಾಟ್‌ನಲ್ಲಿ ತಜ್ಞರು ಓದಿ ಬರೆದ ಐದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳಿವೆ. ಇನ್ನೊಂದು ಭಾಗವಾದ ಟ್ರೆಂಬ್ಲ್‌ನಲ್ಲಿ ಇರುವುದು ಯಂತ್ರ ಬರೆದ ಕೋಟಿಗಟ್ಟಲೆ ನಮೂದುಗಳು. ಎರಡರ ನಡುವಿನ ಅಂತರ ಎಷ್ಟೆಂಬುದನ್ನು 2009ರಲ್ಲಿ ಪ್ಲಾಸ್ ಕಂಪ್ಯುಟೇಷನಲ್ ಬಯಾಲಜಿ ಪತ್ರಿಕೆಯ ಒಂದು ಅಧ್ಯಯನ ಅಳೆದು ನೋಡಿತು. ಪ್ರಯೋಗಗಳಿಂದ ಚೆನ್ನಾಗಿ ತಿಳಿದಿರುವ 37 ಕಿಣ್ವ ಕುಟುಂಬಗಳನ್ನು ನಾಲ್ಕು ಡೇಟಾಬೇಸ್‌ಗಳಲ್ಲಿ ಪರಿಶೀಲಿಸಿದಾಗ ಸ್ವಿಸ್-ಪ್ರಾಟ್‌ನಲ್ಲಿ ತಪ್ಪು ಹೆಸರುಗಳು ಇಲ್ಲವೆನ್ನುವಷ್ಟು ಕಡಿಮೆ ಇದ್ದವು, ಉಳಿದವುಗಳಲ್ಲಿ ಗಣನೀಯವಾಗಿದ್ದವು. ಒಂದು ತಪ್ಪು ಹೆಸರನ್ನು ಹೋಲಿಕೆಯ ಆಧಾರದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಅಂಟಿಸುತ್ತ ಹೋದಾಗ ಹೀಗಾಗುತ್ತದೆ.

ಪ್ರತಿ ನಮೂದಿನಲ್ಲಿಯೂ ಪ್ರೋಟೀನ್‌ನ ಇರುವಿಕೆಗೆ 1ರಿಂದ 5ರವರೆಗೆ ಒಂದು ಮಟ್ಟ ಕೊಟ್ಟಿರುತ್ತಾರೆ. 1 ಎಂದರೆ ಪ್ರೋಟೀನ್ ಮಟ್ಟದಲ್ಲಿಯೇ ಪುರಾವೆ ಇದೆ, 3 ಎಂದರೆ ಹೋಲಿಕೆಯಿಂದ ಊಹಿಸಿದ್ದು, 5 ಎಂದರೆ ಅನುಮಾನಾಸ್ಪದ. ಕಿಣ್ವದ ವೇಗದ ಅಂಕಿಗಳು ಬೇಕಾದಾಗ ಬ್ರೆಂಡಾ ಎಂಬ ಜರ್ಮನ್ ಡೇಟಾಬೇಸ್‌ಗೆ ಹೋಗಬಹುದು, ಆದರೆ ಅಲ್ಲಿಂದ ಒಂದು ಅಂಕಿಯನ್ನು ಎತ್ತಿಕೊಳ್ಳುವ ಮೊದಲು ಯಾವ ಪಿಎಚ್, ಯಾವ ತಾಪಮಾನ, ಸಹಜ ಕಿಣ್ವವೋ ಬದಲಾಯಿಸಿದ್ದೋ ಎಂಬುದನ್ನು ಅದೇ ಸಾಲಿನ ಟಿಪ್ಪಣಿಯಲ್ಲಿ ನೋಡಿಕೊಳ್ಳಿ.

ಇ. ಕೋಲಿ ಅಲ್ಲದಿದ್ದರೆ

ಬ್ಯಾಸಿಲಸ್ ಸಬ್‌ಟಿಲಿಸ್ 168 ತಳಿಗೆ ಜರ್ಮನಿಯ ಗ್ಯೋಟಿಂಗೆನ್‌ನಿಂದ ನಡೆಯುವ ಸಬ್‌ಟಿವಿಕಿ ಇದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಮೈಕೋಬ್ರೌಸರ್ ಇದೆ. 1998ರಲ್ಲಿ ಪ್ರಕಟವಾದ ಎಚ್37ಆರ್‌ವಿ ತಳಿಯ ಸುಮಾರು 44 ಲಕ್ಷ ಬೇಸ್ ಜೋಡಿಗಳ ಜೀನೋಮ್ ಇದರ ತಳಹದಿ, ಮತ್ತು ಇಲ್ಲಿ ಜೀನ್‌ಗಳನ್ನು ಆರ್‌ವಿ ಸಂಖ್ಯೆಗಳಿಂದ ಗುರುತಿಸುತ್ತಾರೆ. ಸಂಖ್ಯೆಯ ಕೊನೆಯಲ್ಲಿ ಸಿ ಅಕ್ಷರವಿದ್ದರೆ ಆ ಜೀನ್ ಪೂರಕ ಎಳೆಯ ಮೇಲಿದೆ.

ತಳಿಯ ವ್ಯತ್ಯಾಸದ ಪಾಠ ಇಲ್ಲಿಯೂ ಬರುತ್ತದೆ. ಆರ್‌ವಿ2043ಸಿ ಎಂಬುದು ಪಿಎನ್‌ಸಿ-ಎ ಜೀನ್. ಪೈರಾಜಿನಮೈಡ್ ಎಂಬ ಕ್ಷಯದ ಔಷಧಿಯನ್ನು ಬ್ಯಾಕ್ಟೀರಿಯಾದೊಳಗೆ ಪೈರಾಜಿನೋಯಿಕ್ ಆಮ್ಲವನ್ನಾಗಿ ಮಾಡುವ ಕಿಣ್ವ ಇದರದು, ಆ ಬದಲಾವಣೆಯಾಗದಿದ್ದರೆ ಔಷಧಿ ಕೆಲಸ ಮಾಡದು. ನಮ್ಮೆಲ್ಲರ ತೋಳಿನ ಮೇಲೆ ಗುರುತು ಬಿಟ್ಟಿರುವ ಬಿಸಿಜಿ ಲಸಿಕೆಯ ತಳಿಯೂ, ಅದರ ಮೂಲವಾದ ಮೈಕೋಬ್ಯಾಕ್ಟೀರಿಯಂ ಬೋವಿಸ್ ಕೂಡ ಈ ಔಷಧಿಗೆ ಸಹಜವಾಗಿಯೇ ಬಗ್ಗುವುದಿಲ್ಲ. ಅವುಗಳ ಪಿಎನ್‌ಸಿ-ಎಯಲ್ಲಿ ಒಂದೇ ಒಂದು ಬೇಸ್ ಬದಲಾಗಿ, 57ನೆಯ ಸ್ಥಾನದ ಹಿಸ್ಟಿಡಿನ್ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಬಂದಿದೆ. ಎಚ್37ಆರ್‌ವಿಯ ಪುಟವನ್ನು ಓದಿ ಅದನ್ನು ಬಿಸಿಜಿಗೆ ಅನ್ವಯಿಸಿದವರು ಈ ಒಂದು ಅಕ್ಷರದಲ್ಲಿ ಎಡವುತ್ತಾರೆ.

ನಿಮ್ಮ ಬ್ಯಾಕ್ಟೀರಿಯಾಕ್ಕೆ ಇಂಥ ಯಾವ ಡೇಟಾಬೇಸೂ ಇಲ್ಲದಿದ್ದರೆ ಬಯೋಸೈಕ್‌ನ ಮೂರನೆಯ ಶ್ರೇಣಿಯ ಪುಟವನ್ನು ತೆರೆದು, ಅಲ್ಲಿ ಹೇಳಿದ ಪ್ರತಿ ಪಥವನ್ನೂ ಮೆಟಾಸೈಕ್‌ನಲ್ಲಿ ನೋಡಿ. ಪ್ರಯೋಗಗಳಿಂದ ತಿಳಿದ ಪಥಗಳನ್ನು ಮಾತ್ರ ಮೆಟಾಸೈಕ್ ಸೇರಿಸಿಕೊಳ್ಳುತ್ತದೆ, ಮತ್ತು ಪ್ರತಿ ಪಥವನ್ನೂ ಯಾವ ಜೀವಿಯಲ್ಲಿ ಕಂಡುಹಿಡಿದರೆಂದು ತಿಳಿಸುತ್ತದೆ. ಆ ಜೀವಿ ನಿಮ್ಮ ಬ್ಯಾಕ್ಟೀರಿಯಾಕ್ಕೆ ಹತ್ತಿರದ ಬಂಧುವೋ ದೂರದ್ದೋ ಎಂಬುದರ ಮೇಲೆ ಊಹೆಯ ಬೆಲೆ ನಿಂತಿದೆ.

ಬರೆದಿಡಬೇಕಾದದ್ದು

ಡೇಟಾಬೇಸ್‌ಗಳು ಬದಲಾಗುತ್ತಲೇ ಇರುತ್ತವೆ. ಕಳೆದ ವರ್ಷ ನೋಡಿದ ಪುಟ ಈ ವರ್ಷ ಹಾಗೆಯೇ ಇರಬೇಕೆಂದಿಲ್ಲ, ಮತ್ತು ಬಿ3767ರಂಥ ಹಳೆಯ ಸಂಖ್ಯೆಗಳು ಹಳೆಯ ಪ್ರಬಂಧಗಳಲ್ಲಿ ಮಾತ್ರ ಉಳಿಯುತ್ತವೆ. ಆದ್ದರಿಂದ ಪ್ರಯೋಗದ ನೋಟ್‌ಬುಕ್‌ನಲ್ಲಿ ಡೇಟಾಬೇಸ್‌ನ ಹೆಸರು, ಆವೃತ್ತಿಯ ಸಂಖ್ಯೆ, ನೋಡಿದ ದಿನಾಂಕ, ತಳಿ, ಜೀನ್‌ನ ಸಂಖ್ಯೆ, ಪುರಾವೆಯ ಬಗೆ, ಮೂಲ ಪ್ರಬಂಧ ಇಷ್ಟನ್ನೂ ಒಂದೇ ಸಾಲಿನಲ್ಲಿ ಬರೆದಿಡಿ. ಪ್ರಬಂಧವನ್ನು ನೀವೇ ಓದಿದ್ದೀರಾ ಅಥವಾ ಡೇಟಾಬೇಸ್‌ನಲ್ಲಿ ಅದರ ಸಾರವನ್ನಷ್ಟೇ ಓದಿದ್ದೀರಾ ಎಂಬುದನ್ನೂ ಪ್ರಾಮಾಣಿಕವಾಗಿ ಗುರುತು ಮಾಡಿಕೊಳ್ಳಿ. ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಡುವವರು ಹೆಸರಿನ ಜೊತೆಗೆ ಸಂಖ್ಯೆಯ ಕಾಲಂ ತಪ್ಪದೆ ಇಟ್ಟುಕೊಳ್ಳಬೇಕು, ಯಾಕೆಂದರೆ ಒಂದೇ ಹೆಸರು ಬೇರೆ ಬೇರೆ ಜೀವಿಗಳಲ್ಲಿ ಬೇರೆ ಬೇರೆ ಜೀನ್‌ಗೆ ಇರಬಹುದು.

ಓದುತ್ತ ಹೋದಂತೆ ಒಮ್ಮೊಮ್ಮೆ ಡೇಟಾಬೇಸ್‌ನ ವಾಕ್ಯಕ್ಕೂ ಪ್ರಬಂಧದ ಮಾತಿಗೂ ಹೊಂದಾಣಿಕೆ ಇಲ್ಲದಿರುವುದು ಕಣ್ಣಿಗೆ ಬೀಳುತ್ತದೆ. ಆಗ ಸುಮ್ಮನಾಗಬೇಡಿ. ಇಕೋಸೈಕ್, ಯುನಿಪ್ರಾಟ್ ಎರಡರಲ್ಲಿಯೂ ಕ್ಯುರೇಟರ್‌ಗಳಿಗೆ ಬರೆಯುವ ವ್ಯವಸ್ಥೆ ಇದೆ, ಮತ್ತು ವಿದ್ಯಾರ್ಥಿ ಬರೆದರೂ ಪ್ರಾಧ್ಯಾಪಕರು ಬರೆದರೂ ಅವರಿಗೆ ಬೇಕಾಗುವುದು ಆಧಾರ ಮಾತ್ರ. ಯಾವ ನಮೂದು, ಅದರಲ್ಲಿ ಯಾವ ವಾಕ್ಯ, ಯಾವ ಪ್ರಬಂಧದ ಯಾವ ಚಿತ್ರ ಅಥವಾ ಕೋಷ್ಟಕ ಅದಕ್ಕೆ ವಿರುದ್ಧವಾಗಿದೆ ಎಂಬುದನ್ನು ಮೂರು ನಾಲ್ಕು ಸಾಲುಗಳಲ್ಲಿ, ಪಬ್‌ಮೆಡ್ ಎಂಬ ಪ್ರಬಂಧಗಳ ಸೂಚಿಯಲ್ಲಿನ ಅದರ ಸಂಖ್ಯೆಯ ಸಮೇತ ಬರೆದು ಕಳುಹಿಸಿ.